ಚಕಮಕಿಯ ಕಿಡಿಯೂ ಮಾರಿಕುಪ್ಪದ ಕಲ್ಲೂ

ಬಂಗಾರಪೇಟೆಯಿಂದ ಹೊರಡುವ ಕವಲು ರೈಲುಹಾದಿಯು ಕೊನೆಮುಟ್ಟುವ ಮಾರಿಕುಪ್ಪಂ ಗ್ರಾಮದ ನೆಲದಡಿಯಲ್ಲಿ ಚಿನ್ನವನ್ನು ತನ್ನೊಳಗೆ ಹುದುಗಿಸಿಕೊಂಡಿದ್ದ ಬಿಳಿಯ ಬೆಣಚುಕಲ್ಲೂ, ನಮ್ಮ ಪೂರ್ವಿಕರ ಕಾಲದ ಕೋವಿಯ ಕುದುರೆಗೆ ಸಿಕ್ಕಿಸುತ್ತಿದ್ದ ಚಕಮಕಿ ಕಲ್ಲೂ ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಒಂದೇ ದ್ರವ್ಯದ ಎರಡು ರೂಪಗಳು, ಎರಡೂ ಸಿಲಿಕಾ. ಶ್ರೀರಂಗಪಟ್ಟಣವು 1799ರಲ್ಲಿ ಪತನವಾದ ತರುವಾಯ ಮೈಸೂರು ಸೀಮೆಯ ಗಡಿಯನ್ನು ಅಳೆಯುವ ಕಾರ್ಯದಲ್ಲಿ ತೊಡಗಿದ್ದ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಈ ಪ್ರದೇಶಕ್ಕೆ ಬಂದಾಗ, ಇಲ್ಲಿಯ ಜನರು ಇಕ್ಕಟ್ಟಾದ ಕುಳಿಗಳಿಗಿಳಿದು ಕಲ್ಲನ್ನು ಕಿತ್ತು ಕೈಯಿಂದ ಕೈಗೆ ಮೇಲಕ್ಕೆ ಸಾಗಿಸುವುದನ್ನೂ, ಹೆಂಗಸರು ಅದನ್ನು ಕುಟ್ಟಿ ಪುಡಿಮಾಡಿ ತೊಳೆದು ಚಿನ್ನವನ್ನು ಬೇರ್ಪಡಿಸುವುದನ್ನೂ ಕಂಡನು. ಆ ಕಾಲದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳು ಹೊರುತ್ತಿದ್ದುದು ಬಾಯಿಯಿಂದ ಮದ್ದು ತುಂಬುವ ಚಕಮಕಿ ಕೋವಿಯನ್ನೇ.

ಅಮೆರಿಕ ದೇಶದಲ್ಲಿ ಇಂತಹ ಕೋವಿಯ ಬಿಡಿಭಾಗಗಳನ್ನು ಪೆಟ್ಟಿಗೆಯಾಗಿ ತರಿಸಿ, ಅರದಿಂದ ಉಜ್ಜಿ, ಮರವನ್ನು ಕೆತ್ತಿ ಹೊಂದಿಸಿ, ಬಣ್ಣಗಟ್ಟಿ ಪೂರ್ಣಗೊಳಿಸುವುದು ಅನೇಕರಿಗೆ ಪ್ರಿಯವಾದ ಕುಶಲಕಲೆ. ನಮ್ಮಲ್ಲಿ 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಕೋವಿಯನ್ನು ತಯಾರಿಸುವಂತಿಲ್ಲ. ಅದು ಯುಕ್ತವೂ ಹೌದು. ಆದರೆ ಮಲೆನಾಡಿನ ಮತ್ತು ಕೊಡಗಿನ ಮನೆಗಳಲ್ಲಿ ಹಿರಿಯರು ಕೇಪಿನ ಕೋವಿಗೆ ಗಜ ಹಾಕಿ ಎಣ್ಣೆ ಸವರಿ ಕಾಪಾಡಿದುದನ್ನು ಬಲ್ಲವರಿಗೆ ಈ ಕಲೆಯ ಹಿಂದಿರುವ ವಿಜ್ಞಾನವು ಹೊರಗಿನದೆನಿಸದು. ನನ್ನ ಮಟ್ಟಿಗೆ ಅದರ ಸಾರವೆಲ್ಲ ಒಂದೇ ಮಾತಿನಲ್ಲಿದೆ: ಆಮ್ಲಜನಕದ ವೇಗವನ್ನು ಮನುಷ್ಯನು ತನ್ನ ಅಂಕೆಯಲ್ಲಿಡುವುದು.

ಮೊದಲು ಕಿಡಿಯನ್ನೇ ನೋಡೋಣ. ಕಲ್ಲಿನಿಂದ ಬೆಂಕಿ ಹೊರಡುತ್ತದೆಂಬುದು ಲೋಕದ ನಂಬಿಕೆ. ವಾಸ್ತವವಾಗಿ ಉರಿಯುವುದು ಕಲ್ಲಲ್ಲ, ಉಕ್ಕು. ಕಠಿನವಾದ ಕಲ್ಲಿನ ಅಂಚು ಉಕ್ಕಿನ ಫಲಕವನ್ನು ರಭಸದಿಂದ ಕೆರೆದಾಗ ಅತಿಸೂಕ್ಷ್ಮವಾದ ಉಕ್ಕಿನ ಸಿಬಿರುಗಳು ಹಾರುತ್ತವೆ. ಘರ್ಷಣೆಯಿಂದ ಕಾದ ಅವುಗಳ ಗಾತ್ರ ಅತ್ಯಲ್ಪ, ಗಾತ್ರಕ್ಕೆ ಹೋಲಿಸಿದರೆ ಗಾಳಿಗೆ ತೆರೆದ ಮೈ ಬಹಳ. ಆದಕಾರಣ ಆಮ್ಲಜನಕವು ಅವುಗಳನ್ನು ಒಮ್ಮೆಲೇ ಆವರಿಸಿ ಜ್ವಲಿಸುವಂತೆ ಮಾಡುತ್ತದೆ. ಫಲಕವು ಮೆದುವಾಗಿದ್ದರೆ ಕಲ್ಲು ಜಾರಿ ಗೀರೆಳೆಯುವುದೇ ಹೊರತು ಕಿಡಿ ಏಳದು. ಆದ್ದರಿಂದ ಅದನ್ನು ಕೆಂಪಗೆ ಕಾಯಿಸಿ ತಟಕ್ಕನೆ ತಣಿಸಿ ಗಡಸುಗೊಳಿಸಬೇಕು. ಹಾಗೆ ಗಡಸಾದುದು ಗಾಜಿನಂತೆ ಭಿದುರವಾಗುವುದರಿಂದ, ಮತ್ತೆ ಮೆಲ್ಲನೆ ಕಾಯಿಸಿ ಹದಕ್ಕೆ ತರಬೇಕು.

ಈ ಹದದ ಅಳತೆಗೋಲು ಬಣ್ಣ. ಉಜ್ಜಿ ಹೊಳಪಿಸಿದ ಉಕ್ಕು ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಿಳಿಹುಲ್ಲಿನ ಹಳದಿಯನ್ನೂ, 280ರ ಸಮೀಪ ನೇರಳೆಯನ್ನೂ, 300ರ ಹೊತ್ತಿಗೆ ನೀಲಿಯನ್ನೂ ತಾಳುತ್ತದೆ. ಮೇಲ್ಮೈಯಲ್ಲಿ ಬೆಳೆಯುವ ಆಕ್ಸೈಡಿನ ಪೊರೆ ದಪ್ಪವಾದಂತೆಲ್ಲ, ಅದರ ಎರಡು ಮುಖಗಳಿಂದ ಮರಳುವ ಬೆಳಕಿನ ಅಲೆಗಳು ಪರಸ್ಪರ ವ್ಯತಿಕರಣ ಹೊಂದಿ ಈ ವರ್ಣಗಳನ್ನು ಹುಟ್ಟಿಸುತ್ತವೆ. ಕಿಡಿಯ ಫಲಕಕ್ಕೆ ಹಳದಿ, ಬಾಗಿ ಮರಳಬೇಕಾದ ಬಿಲ್ಲುಪಟ್ಟಿಗೆ ನೀಲಿ. ಬೆಣಚುಕಲ್ಲಿಗೆ ತಾಗಿ ಮೊಂಡಾದ ಉಳಿಗಳನ್ನು ಕುಲುಮೆಯಲ್ಲಿ ಮತ್ತೆ ಚೂಪುಗೊಳಿಸಿದ ಮಾರಿಕುಪ್ಪದ ಗಣಿಯ ಕಮ್ಮಾರರಿಗೆ ಈ ವರ್ಣಮಾಲೆಯೇ ಉಷ್ಣಮಾಪಕವಾಗಿತ್ತು. ಅವರ ಕಣ್ಣಿನ ಶಿಕ್ಷಣವನ್ನು ನಾನು ಯಾವ ಪ್ರಯೋಗಶಾಲೆಯ ವಿದ್ಯೆಗೂ ಕಡಮೆಯೆಂದು ಎಣಿಸಲಾರೆ.

ಆದರೆ ಕೋವಿಯವನು ಬಯಸುವ ಕಿಡಿಯೇ ಗಣಿಯವನಿಗೆ ಮೃತ್ಯು. ಮೈಕೆಲ್ ಲವೆಲ್ ಎಂಬವನು ಇಲ್ಲಿ ಗಣಿ ತೋಡಲು 1873ರಲ್ಲಿ ಅನುಮತಿ ಕೋರಿದ ತರುವಾಯ, 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಈ ಗಣಿಗಳು ಆಳಕ್ಕಿಳಿಯುವ ವೇಳೆಗೆ, ನೊಬೆಲ್ 1867ರಲ್ಲಿ ಪೇಟೆಂಟ್ ಪಡೆದ ಡೈನಮೈಟು ಲೋಕದಲ್ಲಿ ಬಳಕೆಗೆ ಬಂದಿತ್ತು. ಆದರೂ ಬಂಡೆಯಲ್ಲಿ ಕೊರೆದ ತೂತು ಕೋವಿಯ ನಳಿಗೆಯ ಒಡಹುಟ್ಟೇ ಸರಿ: ಒಂದು ತುದಿ ಮುಚ್ಚಿದೆ, ಮದ್ದು ಬಾಯಿಂದಲೇ ಇಳಿಯಬೇಕು, ಅದರ ಮೇಲೆ ಗುಂಡಿನ ಬದಲು ಜೇಡಿಮಣ್ಣಿನ ಬಿರಡೆ. ಅದನ್ನು ಒತ್ತುವ ಗಜ ಮಾತ್ರ ಮರದ್ದಾಗಿರತಕ್ಕದ್ದು. ಕಬ್ಬಿಣವು ಬೆಣಚುಕಲ್ಲನ್ನು ತಾಕಿದರೆ ಅದೇ ಚಕಮಕಿಯಾದೀತು. ಗಾಳಿಯಾಡದ ಆ ಬಿಲದಲ್ಲಿ ಹಳೆಯ ಕರಿಮದ್ದು ಉರಿಯುವುದಾದರೂ ಹೇಗೆ? ಅದರ ಆಮ್ಲಜನಕವು ಹೊರಗಿನದಲ್ಲ, ಪೆಟ್ಲುಪ್ಪಿನೊಳಗೇ ಬಂಧಿತವಾಗಿರತಕ್ಕದ್ದು. ಅಷ್ಟೆಲ್ಲ ಎಚ್ಚರಿಕೆಯಿಂದ ದುಡಿದವರ ಶ್ವಾಸಕೋಶಗಳನ್ನು ಅದೇ ಸಿಲಿಕಾದ ಧೂಳು ಸಿಲಿಕೋಸಿಸ್ ಎಂಬ ವ್ಯಾಧಿಯಾಗಿ ಸದ್ದಿಲ್ಲದೆ ತಿಂದಿತೆಂಬುದನ್ನು ಚಿನ್ನದ ಚರಿತ್ರೆ ಬರೆಯುವವರು ಮರೆಯಬಾರದು.

ಮತ್ತೆ ಕೋವಿಗೆ ಮರಳೋಣ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಸುತ್ತುವ ಗೀರುಗಳು ಗುಂಡಿಗೆ ತಿರುಗಣೆಯನ್ನಿತ್ತು ದಾರಿ ತಪ್ಪದಂತೆ ಮಾಡುತ್ತವೆ. ಪೆಟ್ಟಿಗೆಯಲ್ಲಿ ಬರುವ ನಳಿಗೆಯಲ್ಲಿ ಅವನ್ನು ಮೊದಲೇ ಕೊರೆದಿರುವುದರಿಂದ, ಕುಶಲಿಗೆ ಉಳಿಯುವುದು ಹೊರಮೈ. ಅಲ್ಲಿ ಅವನು ಬೇಕೆಂದೇ ತುಕ್ಕು ಹಿಡಿಸುತ್ತಾನೆ! ಜಿಡ್ಡು ತೆಗೆದ ನಳಿಗೆಗೆ ಆಮ್ಲಯುಕ್ತ ಲವಣದ್ರಾವಣ ಸವರಿ ತೇವದಲ್ಲಿಟ್ಟು, ಎದ್ದ ತುಕ್ಕಿನ ಸಡಿಲ ಪುಡಿಯನ್ನು ಉಜ್ಜಿ ತೆಗೆದು, ಪುನಃ ಪುನಃ ಹಾಗೆಯೇ ಮಾಡಿ, ಒತ್ತಾದ ಕಂದುಪೊರೆ ಕೂಡಿದ ಮೇಲೆ ಕ್ಷಾರಜಲದಿಂದ ಆಮ್ಲದ ಶೇಷವನ್ನಡಗಿಸಿ ಎಣ್ಣೆ ಕುಡಿಸುತ್ತಾನೆ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಬಳಿಕ ಬಿಸಿಲುಮಳೆಗೆ ಮೈಯೊಡ್ಡಿ ನಿಂತ ಉಕ್ಕಿನ ರಾಟೆಗೋಪುರಗಳಲ್ಲಿ ನಡೆಯುವುದೂ ಇದೇ ಕ್ರಿಯೆ. ಆದರೆ ಉಜ್ಜುವ ಕೈಯಿಲ್ಲದುದರಿಂದ ಸಡಿಲ ತುಕ್ಕು ನೀರನ್ನು ಹಿಡಿದಿಟ್ಟು ಒಳಕ್ಕೊಳಕ್ಕೆ ಹಬ್ಬುತ್ತದೆ.

ಕಡೆಯದು ಮರದ ಹಿಡಿ. ಅದಕ್ಕೆ ತಿಕ್ಕುವ ಅಗಸೆ ಎಣ್ಣೆಯು ನೀರಿನಂತೆ ಆವಿಯಾಗಿ ಒಣಗುವುದಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಈ ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆ. ಹಲಗೆಯ ಮೇಲಿನ ತೆಳುಪದರದಿಂದ ಅದು ಹಾಗೆಯೇ ಹರಿದುಹೋಗುವುದಾದರೂ, ಎಣ್ಣೆ ತಿಕ್ಕಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆದರೆ ಒಳಗೇ ಸಂಚಯವಾಗಿ ಕಿಡಿಯ ಸಹಾಯವಿಲ್ಲದೆ ಬಟ್ಟೆಯೇ ಹೊತ್ತಿಕೊಳ್ಳಬಹುದು. ಆದುದರಿಂದ ಬಾಗಿಲಿಗೋ ಪೀಠೋಪಕರಣಕ್ಕೋ ಈ ಎಣ್ಣೆ ಹಚ್ಚುವ ಯಾರೇ ಆಗಲಿ, ಬಟ್ಟೆಯನ್ನು ಹೊರಗೆ ಹರವಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಬೇಕು.