ನಕ್ಷತ್ರಗಳ ಛಾಯಾಗ್ರಹಣ

ಕಳೆದ ಮಾಘ ಅಮಾವಾಸ್ಯೆಯಂದು, ಮುಸ್ಸಂಜೆ ಕಳೆದ ಮೇಲೆ, ಗೇರುಸೊಪ್ಪೆಯ ಶರಾವತಿ ತೀರದಲ್ಲಿ ನಮ್ಮ ಮೊಮ್ಮಗನು ದೂರದರ್ಶಕಕ್ಕೆ ಕ್ಯಾಮರಾವನ್ನು ಜೋಡಿಸಿ, 30 ಸೆಕೆಂಡುಗಳ ಕಾಲ ಕೃತ್ತಿಕೆಯ ಚಿತ್ರವನ್ನು ತೆಗೆದನು. ಚುಕ್ಕೆಗಳಿಗೆ ಬದಲಾಗಿ ಗೀರುಗಳು ಮೂಡಿದುವು. ಹುಡುಗನು ಖಿನ್ನನಾಗಿ, "ಅಜ್ಜಾ, ಯಂತ್ರವೇ ಕೆಟ್ಟಿದೆ, ಮಾರಿಬಿಡೋಣ" ಎಂದನು.

ಯಂತ್ರವು ಕೆಟ್ಟಿರಲಿಲ್ಲ. ದೋಣಿಯಲ್ಲಿ ಸಾಗುವವನಿಗೆ ದಡದ ಅಚಲ ವಸ್ತುಗಳು ಹಿಂದಕ್ಕೆ ಸರಿಯುವಂತೆ ಕಾಣುವ ಹಾಗೆ, ಸ್ಥಿರವಾದ ನಕ್ಷತ್ರಗಳು ನಮಗೆ ಪಶ್ಚಿಮಕ್ಕೆ ಚಲಿಸುವಂತೆ ತೋರುತ್ತವೆಂದು ಆರ್ಯಭಟನು ಸುಮಾರು 1500 ವರ್ಷಗಳ ಹಿಂದೆಯೇ ಹೇಳಿದ್ದಾನೆ. ಈ ಮಾತನ್ನು ನಾವು ಬಹುಕಾಲ ಪಾಠ ಹೇಳಿದ್ದೆವು. ಕಣ್ಣಾರೆ ಕಂಡುದು ಆ ರಾತ್ರಿಯೇ.

ಭೂಮಿಯು ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಮಸೂರದ ಸಂಗಮದೂರವನ್ನು ಮಿಲಿಮೀಟರಿನಲ್ಲಿ ತಿಳಿದು, ಅದರಿಂದ 500ನ್ನು ಭಾಗಿಸಿದರೆ, ಗೀರಿಲ್ಲದೆ ಚಿತ್ರ ತೆಗೆಯಬಹುದಾದ ಕಾಲವು ಸೆಕೆಂಡುಗಳಲ್ಲಿ ಸುಮಾರಾಗಿ ದೊರೆಯುವುದು. 25 ಮಿಲಿಮೀಟರಿಗೆ 20 ಸೆಕೆಂಡು. 1000 ಮಿಲಿಮೀಟರಿನ ದೂರದರ್ಶಕಕ್ಕೆ ಅರ್ಧ ಸೆಕೆಂಡು ಮಾತ್ರ! ಆದುದರಿಂದ ಹೊಸಬರು ಮೊದಲು ಬರಿಯ ಕ್ಯಾಮರಾವನ್ನು ಮೂರುಕಾಲಿನ ಸ್ಟ್ಯಾಂಡಿನ ಮೇಲಿಟ್ಟು ಮೃಗಶಿರವನ್ನೂ ಅಗಸ್ತ್ಯನನ್ನೂ ಹಿಡಿಯಲಿ. ತರುವಾಯ ದೂರದರ್ಶಕದಿಂದ ಚಂದ್ರನನ್ನು ಹಿಡಿಯಲಿ. ಅವನು ಪ್ರಕಾಶಮಾನನಾದುದರಿಂದ ಸೆಕೆಂಡಿನ ಅಲ್ಪಭಾಗವೇ ಸಾಕು. ಮಂದವಾದ ನಕ್ಷತ್ರಗುಚ್ಛಗಳಿಗಾದರೋ ಭೂಭ್ರಮಣವನ್ನು ಸರಿದೂಗಿಸಿ ತಿರುಗುವ ಮೋಟಾರಿನ ಪೀಠವು ಬೇಕು. ಅದರ ಅಕ್ಷವನ್ನು ಧ್ರುವನ ಕಡೆಗೆ ನಿಲ್ಲಿಸತಕ್ಕದ್ದು. ನಮ್ಮಲ್ಲಿ ಧ್ರುವನು ದಿಗಂತದಿಂದ ಸುಮಾರು 14 ಡಿಗ್ರಿ ಮಾತ್ರ ಮೇಲಿರುವುದರಿಂದ, ಉತ್ತರಕ್ಕೆ ಗುಡ್ಡದ ಮರೆಯಿಲ್ಲದ ಎಡೆಯನ್ನು ಆರಿಸಬೇಕು. ಕಾರ್ತಿಕದಿಂದ ಮಾಘದವರೆಗಿನ ಕಾಲವು ಪ್ರಶಸ್ತ. ಗಾಜಿನ ಮೇಲೆ ಇಬ್ಬನಿ ಕೂಡದಂತೆ ಮಾತ್ರ ಎಚ್ಚರವಿರಲಿ.

ಯಂತ್ರವನ್ನು ಮಾರುವ ಮಾತನ್ನು ಹುಡುಗನು ಮತ್ತೆ ಎತ್ತಲಿಲ್ಲ. ಆ ಗೀರುಗಳ ಚಿತ್ರವು ಈಗ ನಮ್ಮ ಜಗಲಿಯ ಗೋಡೆಯ ಮೇಲಿದೆ.