ನೇಗಿಲನ್ನು ಬದಿಗಿಟ್ಟ ಬೇಸಾಯ

ಬೇಸಾಯವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವ ಚಿತ್ರ ಎತ್ತು ನೇಗಿಲುಗಳದು. ಉತ್ತಷ್ಟೂ ಭೂಮಿ ಹದವಾಗುವುದೆಂದು ನಾವೆಲ್ಲ ಕೇಳುತ್ತ ಬೆಳೆದಿದ್ದೇವೆ. ಹೀಗಿರುವಾಗ, ‘ನೇಗಿಲನ್ನು ಬದಿಗಿಡಿ, ಹೊಲವನ್ನು ಉಳಬೇಡಿ’ ಎಂದು ಉಪದೇಶಿಸುವ ಬೇಸಾಯವೊಂದುಂಟೆಂದರೆ ಆಶ್ಚರ್ಯವಾಗದಿರದು. ಆಫ್ರಿಕ ಖಂಡದ ದಕ್ಷಿಣ ಭಾಗದ ಜಿಂಬಾಬ್ವೆಯಲ್ಲಿ ಹುಟ್ಟಿ, ನೆರೆಯ ದೇಶಗಳಿಗೂ ಹಬ್ಬಿದ ಈ ಬೇಸಾಯವನ್ನು ಕಲಿಸುತ್ತಿರುವವರು ಮುಖ್ಯವಾಗಿ ಅಲ್ಲಿನ ಕ್ರೈಸ್ತ ಸಭೆಗಳವರು. ಅದರಲ್ಲಿ ಕೈಜೋಡಿಸಲೆಂದು ದೂರದ ದೇಶಗಳಿಂದ ತರುಣ ತರುಣಿಯರು ಸ್ವಯಂಸೇವಕರಾಗಿ ಹೋಗುವುದುಂಟು. ಅವರು ಅಲ್ಲಿ ಮಾಡುವುದೇನು? ಅವರ ಶ್ರಮದಿಂದ ಬಡ ರೈತನ ಕಣಜ ತುಂಬುವುದೇ? ಈ ಪ್ರಶ್ನೆಗಳನ್ನು ಇಲ್ಲಿ ವಿವೇಚಿಸೋಣ.

ನೇಗಿಲಿನ ಸುವಾರ್ತೆ

ಕಥೆಯ ಆರಂಭದಲ್ಲಿಯೇ ಒಂದು ವಿಚಿತ್ರವಿದೆ. ಆ ನಾಡಿನಲ್ಲಿ ನೇಗಿಲನ್ನು ಹರಡಿದವರಲ್ಲಿ ಪ್ರಮುಖನೂ ಒಬ್ಬ ಕ್ರೈಸ್ತ ಮಿಷನರಿಯೇ. ಎಮರಿ ಆಲ್ವರ್ಡ್ ಎಂಬ ಅಮೆರಿಕನ್ ಕೃಷಿ ಮಿಷನರಿ 1919ರಲ್ಲಿ ಮೊಜಾಂಬಿಕ್ ಗಡಿಯ ಸಮೀಪದ ಮೌಂಟ್ ಸೆಲಿಂಡ ಮಿಷನ್ನಿಗೆ ಬಂದನು. ಆಗ ಆ ದೇಶಕ್ಕೆ ದಕ್ಷಿಣ ರೊಡೇಷಿಯ ಎಂದು ಹೆಸರು. ಗುದ್ದಲಿಯಿಂದ ಅಲ್ಲಲ್ಲಿ ಕೆದಕಿ, ಹಲವು ಬೀಜಗಳನ್ನು ಬೆರಸಿ ಬಿತ್ತುವುದು ಅಲ್ಲಿನ ಜನರ ರೂಢಿಯಾಗಿತ್ತು. ಆಲ್ವರ್ಡನು ಮಾದರಿ ತಾಕುಗಳನ್ನು ಮಾಡಿ, ಚೆನ್ನಾಗಿ ಉತ್ತು, ಗೊಬ್ಬರವಿಕ್ಕಿ, ಸಾಲು ಹಿಡಿದು ಬಿತ್ತಿ, ವರ್ಷಕ್ಕೊಂದು ಬೆಳೆಯಂತೆ ಸರದಿ ಬದಲಿಸಿ ತೋರಿಸಿದನು. 1926ರಲ್ಲಿ ಸರ್ಕಾರವೇ ಅವನನ್ನು ಕೆಲಸಕ್ಕೆ ಸೇರಿಸಿಕೊಂಡಿತು. ತನ್ನ ಬೋಧನೆಯನ್ನು ಅವನು ‘ನೇಗಿಲಿನ ಸುವಾರ್ತೆ’ ಎಂದೇ ಕರೆದನು.

ಆಲ್ವರ್ಡನ ತಾಕುಗಳಲ್ಲಿ ಬೆಳೆ ಹುಲುಸಾಗಿ ಬಂದಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ 1930ರ ಭೂ ವಿಂಗಡಣೆಯ ಶಾಸನವು ಒಳ್ಳೆಯ ನೆಲದ ಬಹುಪಾಲನ್ನು ಬಿಳಿಯರಿಗೆ ಮೀಸಲಿಟ್ಟಿತು. ಆಫ್ರಿಕನ್ ರೈತರಿಗೆ ದಕ್ಕಿದುದು ಹೆಚ್ಚಾಗಿ ಗ್ರಾನೈಟ್ ಕಲ್ಲು ಸವೆದು ಆದ ಮರಳು ಮಣ್ಣು. ಜನ ಹೆಚ್ಚಿದಂತೆ ಅದೇ ಹೊಲವನ್ನು ಬಿಡುವಿಲ್ಲದೆ ಉಳಬೇಕಾಯಿತು. ಉತ್ತು ಸಡಿಲವಾದ ಬರಿ ನೆಲದ ಮೇಲೆ ಬಿರುಮಳೆ ಬಿದ್ದಾಗ ಮೇಲ್ಮಣ್ಣು ಕೊಚ್ಚಿಹೋಯಿತು. ಜೊತೆಗೆ, ಎತ್ತಿಲ್ಲದವನು ನೆರೆಯವನ ಎತ್ತಿಗಾಗಿ ಕಾಯಬೇಕು. ಕಾದು ಬಿತ್ತುವ ಹೊತ್ತಿಗೆ ಮೊದಲ ಮಳೆಯ ಹದ ಕಳೆದುಹೋಗಿರುತ್ತದೆ. ಹೀಗೆ ಎತ್ತುಳ್ಳವನಿಗೆ ವರವಾದ ನೇಗಿಲು ಇಲ್ಲದವನಿಗೆ ವರವಾಗಲಿಲ್ಲ.

ಕಾಡು ಕಲಿಸಿದ ಪಾಠ

1980ರ ದಶಕದಲ್ಲಿ ಬ್ರಯಾನ್ ಓಲ್ಡ್ರೀವ್ ಎಂಬ ಬಿಳಿಯ ರೈತನು ಇದಕ್ಕೆ ಬೇರೊಂದು ದಾರಿ ಹುಡುಕಿದನು. ಈತ ಹಿಂದೆ ರೊಡೇಷಿಯದ ಪರವಾಗಿ ಕ್ರಿಕೆಟ್ ಆಡಿದವನು, ತಂಬಾಕಿನ ಬೆಳೆಗಾರ. ಧರ್ಮಶ್ರದ್ಧೆ ಮೂಡಿದ ಮೇಲೆ, ತಂಬಾಕು ಬೆಳೆಯುವುದು ತನ್ನ ಮನಸ್ಸಾಕ್ಷಿಗೆ ಒಪ್ಪದೆಂದು ಅದನ್ನು ಬಿಟ್ಟನು. ಬರಿಯ ಧಾನ್ಯ ಬೆಳೆದಾಗ ನಷ್ಟವೇ ಗತಿಯಾಗಿ ಜಮೀನು ಕೈಬಿಟ್ಟಿತು. ತರುವಾಯ ಹಿಂಟನ್ ಎಸ್ಟೇಟ್ ಎಂಬ ಜಮೀನಿನ ಮೇಲ್ವಿಚಾರಕನಾಗಿದ್ದಾಗ, ಹೊಲವನ್ನು ಉಳಿಸುವ ಬಗೆ ಯಾವುದೆಂದು ಪ್ರಾರ್ಥಿಸಿ ಕಾಡಿಗೆ ಹೋದೆನೆಂದೂ, ಅಲ್ಲಿ ಯಾರೂ ನೆಲವನ್ನು ಉಳುವುದಿಲ್ಲವೆಂಬುದು, ಉದುರಿದ ಎಲೆ ಹುಲ್ಲುಗಳು ನೆಲವನ್ನು ಹೊದೆದಿರುವುದು ತನ್ನ ಕಣ್ಣಿಗೆ ಬಿದ್ದಿತೆಂದೂ ಆತ ಹೇಳುತ್ತಾನೆ. ಮೊದಲು 2 ಹೆಕ್ಟೇರಿನಲ್ಲಿ ಉಳದೆ ಬೆಳೆದು ನೋಡಿ, ಫಲ ಕಂಡು ವರ್ಷವರ್ಷಕ್ಕೆ ವಿಸ್ತರಿಸಿದನು. ಬಳಿಕ ಅದನ್ನು ಗುದ್ದಲಿಯೊಂದೇ ಆಸ್ತಿಯಾದ ಬಡವನಿಗೆ ಹೊಂದುವಂತೆ ಸರಳಗೊಳಿಸಿದನು. ಇದೇ ‘ದೇವರ ರೀತಿಯ ಬೇಸಾಯ’ವೆಂದು ಹೆಸರಾಯಿತು. ಉಳದೆ ಬೆಳೆಯುವ ಪ್ರಯೋಗಗಳು ಅದಕ್ಕೆ ಮೊದಲೇ ಬೇರೆ ದೇಶಗಳಲ್ಲಿ ನಡೆದಿದ್ದುವು. ಬಡವನ ಗುದ್ದಲಿಗೆ ಅದನ್ನು ಅಳತೆ ಮಾಡಿಕೊಟ್ಟುದು ಇಲ್ಲಿನ ವಿಶೇಷ.

ಹಗ್ಗ, ಗುದ್ದಲಿ, ಡಬ್ಬಿ

ನೀವು ಸ್ವಯಂಸೇವಕರಾಗಿ ಹೋಗಿದ್ದೀರೆಂದು ಎಣಿಸಿಕೊಳ್ಳಿ. ಅಲ್ಲಿ ಮಳೆಗಾಲ ನವೆಂಬರಿನಿಂದ ಮಾರ್ಚಿಯವರೆಗೆ. ಕೆಲಸ ಆರಂಭವಾಗುವುದು ಅದಕ್ಕೆ ಬಹು ಮುಂಚೆ, ನೆಲ ಒಣಗಿ ಗಟ್ಟಿಯಾಗಿರುವ ತಿಂಗಳುಗಳಲ್ಲಿ. ನಿಮ್ಮ ಕೈಗೆ ಮೊದಲು ಬರುವುದು ಒಂದು ಹಗ್ಗ. ಅದರಲ್ಲಿ 60 ಸೆಂಟಿಮೀಟರಿಗೊಂದರಂತೆ ಸೀಸೆಯ ಮುಚ್ಚಳಗಳನ್ನು ಬಿಗಿದಿರುತ್ತದೆ. ಹೊಲದ ಇಳಿಜಾರಿಗೆ ಅಡ್ಡಲಾಗಿ ಹಗ್ಗವನ್ನು ಎಳೆದು ಕಟ್ಟಿ, ಪ್ರತಿಯೊಂದು ಮುಚ್ಚಳದ ಬಳಿಯೂ ಗುದ್ದಲಿಯಿಂದ 15 ಸೆಂಟಿಮೀಟರ್ ಆಳದ ಗುಳಿ ತೋಡಬೇಕು. ಅಗೆದ ಮಣ್ಣನ್ನು ಗುಳಿಯ ಕೆಳಮಗ್ಗುಲಿಗೆ ಹಾಕಬೇಕು. ಒಂದು ಸಾಲು ಮುಗಿದ ಮೇಲೆ 75 ಸೆಂಟಿಮೀಟರ್ ಕೋಲಿನಿಂದ ಅಳೆದು ಹಗ್ಗವನ್ನು ಮುಂದಕ್ಕೆ ಸರಿಸಬೇಕು. ಪ್ರತಿ ಗುಳಿಗೂ ಡಬ್ಬಿಯಲ್ಲಿ ಅಳೆದು ಅರ್ಧ ಲೀಟರಿನಷ್ಟು ಕೊಟ್ಟಿಗೆ ಗೊಬ್ಬರ. ಮೇಲೆ ತೆಳುವಾಗಿ ಮಣ್ಣು. ಒಳ್ಳೆಯ ಮಳೆ ಬಿದ್ದೊಡನೆ ಮೂರು ಮುಸುಕಿನ ಜೋಳದ ಕಾಳು ಊರಿ, ಮೊಳೆತ ಮೇಲೆ ಬಲವಾದ ಎರಡನ್ನು ಉಳಿಸಿ ಒಂದನ್ನು ಕೀಳಬೇಕು. ಸಾಲುಗಳ ನಡುವಣ ನೆಲವನ್ನೆಲ್ಲ ಒಣಹುಲ್ಲು, ಜೋಳದ ದಂಟು, ತರಗೆಲೆಗಳಿಂದ ಮುಚ್ಚಬೇಕು. ಈ ಮುಚ್ಚಿಗೆಯನ್ನು ಅಲ್ಲಿನವರು ‘ದೇವರ ಹೊದಿಕೆ’ ಎನ್ನುತ್ತಾರೆ. ಮರುವರ್ಷ ಹೊಸ ಗುಳಿಯಿಲ್ಲ. ಹಳೆಯ ಗುಳಿಯಲ್ಲಿಯೇ ಬಿತ್ತನೆ.

ಇಷ್ಟರಲ್ಲಿ ಮಂತ್ರವೂ ಇಲ್ಲ, ಯಂತ್ರವೂ ಇಲ್ಲ. ಸಕಾಲದಲ್ಲಿ, ಅಚ್ಚುಕಟ್ಟಾಗಿ, ಪೋಲು ಮಾಡದೆ, ಸಂತೋಷದಿಂದ ಮಾಡಬೇಕೆಂಬ ನಾಲ್ಕು ನಿಯಮಗಳನ್ನು ಪ್ರತಿಯೊಬ್ಬ ಶಿಕ್ಷಾರ್ಥಿಗೂ ಕಲಿಸುತ್ತಾರೆ. ಸಂಜೆ ಅಂಗೈಯಲ್ಲಿ ಬೊಬ್ಬೆಗಳೊಡನೆ ನೀವು ಉಣ್ಣುವುದು ಸಾಡ್ಜ. ಮುಸುಕಿನ ಜೋಳದ ಹಿಟ್ಟನ್ನು ಬೇಯಿಸಿ ಗಟ್ಟಿಯಾಗಿ ತಿರುವಿದ ಅದು ನಮ್ಮ ಮುದ್ದೆಗೆ ಹತ್ತಿರದ ಬಂಧು.

ಹೊದಿಕೆಯ ವಿಜ್ಞಾನ

ಹುಲ್ಲಿನ ಹೊದಿಕೆ ಮಾಡುವ ಉಪಕಾರವೇನು? ದೊಡ್ಡ ಮಳೆಹನಿಯು ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಿಂದ ನೆಲಕ್ಕೆ ಅಪ್ಪಳಿಸುತ್ತದೆ. ಬರಿ ನೆಲವಾದರೆ ಮಣ್ಣಿನ ಹೆಂಟೆಗಳು ಒಡೆದು, ನುಣುಪಾದ ಕಣಗಳು ರಂಧ್ರಗಳನ್ನು ಮುಚ್ಚಿ, ಮೇಲೆ ಒಂದು ಹೆಪ್ಪು ಕಟ್ಟುತ್ತದೆ. ಆಮೇಲೆ ನೀರು ಇಂಗದೆ ಹರಿದುಹೋಗುತ್ತದೆ, ಮಣ್ಣನ್ನೂ ಒಯ್ಯುತ್ತದೆ. ಹೊದಿಕೆಯಿದ್ದರೆ ಹನಿಯ ಪೆಟ್ಟು ಹುಲ್ಲಿನ ಮೇಲೆ ಬಿದ್ದು, ನೀರು ಮೆಲ್ಲಗೆ ಕೆಳಗಿಳಿಯುತ್ತದೆ. ಬಿಸಿಲು ನೇರವಾಗಿ ತಾಗದುದರಿಂದ ನೆಲ ತಂಪಾಗಿದ್ದು, ಆವಿಯಾಗಿ ಹೋಗುವ ನೀರೂ ಕಡಮೆ.

ಒಂದು ಲೆಕ್ಕ ಮಾಡೋಣ. 39 ಮೀಟರ್ ಉದ್ದ, 16 ಮೀಟರ್ ಅಗಲದ ತಾಕಿನ ವಿಸ್ತೀರ್ಣ 624 ಚದರ ಮೀಟರ್. ಅದರ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಸುರಿದ ನೀರು 12,480 ಲೀಟರ್. ಅದರಲ್ಲಿ ಅರ್ಧ ಹರಿದುಹೋದರೆ 6,240 ಲೀಟರ್ ನಷ್ಟ. ಮಳೆ ಎರಡು ವಾರ ಕೈಕೊಟ್ಟಾಗ ಬೆಳೆ ಬದುಕುವುದೋ ಬಾಡುವುದೋ ಎಂಬುದನ್ನು ನಿರ್ಧರಿಸುವುದು ಈ ನೀರೇ.

ಆದರೆ ಹೊದಿಕೆಗೂ ದೋಷಗಳುಂಟು. ಜೋಳದ ದಂಟಿನಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 60 ಪಾಲು ಇಂಗಾಲವಿರುತ್ತದೆ. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಅಷ್ಟು ಸಾರಜನಕ ಸಾಲದೆ, ಅವು ಮಣ್ಣಿನಲ್ಲಿರುವುದನ್ನೇ ಕಸಿದುಕೊಳ್ಳುತ್ತವೆ. ಎಳೆಯ ಪೈರು ಹಳದಿಯಾಗುತ್ತದೆ. ಗೊಬ್ಬರವಿಲ್ಲದೆ ಹೊದಿಕೆಯೊಂದನ್ನೇ ನಂಬಿದವನಿಗೆ ಮೊದಲ ವರ್ಷಗಳಲ್ಲಿ ನಿರಾಶೆಯಾಗುವುದು ಇದರಿಂದಲೇ. ಮಳೆ ಅತಿಯಾದೆಡೆ ಹೊದಿಕೆಯ ಕೆಳಗೆ ನೀರು ನಿಂತು ಬೇರು ಉಸಿರುಗಟ್ಟುವುದೂ ಉಂಟು. ಗೆದ್ದಲಂತೂ ಹೊದಿಕೆಯನ್ನು ಹಬ್ಬದೂಟವೆಂದೇ ತಿಳಿಯುತ್ತದೆ.

ಒಂದು ಸಾಲು, ಒಂದು ವಾರ

2020ರಲ್ಲಿ ಜಿಂಬಾಬ್ವೆ ಸರ್ಕಾರವು ಈ ಪದ್ಧತಿಯನ್ನು ‘ಫುಂವುಡ್ಜ’ ಎಂಬ ಹೆಸರಿನಿಂದ ದೇಶಕ್ಕೆಲ್ಲ ಹಬ್ಬಿಸಲು ಹೊರಟಿತು. ಶೋನ ಭಾಷೆಯಲ್ಲಿ ಆ ಪದಕ್ಕೆ ಚಿಗುರುವ ಕಾಲವೆಂದು ಅರ್ಥ. ಮೇಲೆ ಹೇಳಿದ ಅಳತೆಯ ತಾಕಿನಲ್ಲಿ 52 ಸಾಲು, ಸಾಲಿಗೆ 28 ಗುಳಿ, ಒಟ್ಟು 1,456. ವರ್ಷಕ್ಕೆ 52 ವಾರ. ಆರು ಜನರ ಕುಟುಂಬಕ್ಕೆ ವಾರಕ್ಕೊಂದು ಸಾಲು ಎಂಬುದು ಇದರ ಸೂತ್ರ. ಓದು ಬರಹ ಬಾರದವನಿಗೂ ನೆನಪಿರುವ ಲೆಕ್ಕವಿದು.

ಸೂತ್ರವನ್ನು ನಾವೇ ಪರೀಕ್ಷಿಸಬಹುದು. ಒಂದು ಸಾಲಿನಲ್ಲಿ 56 ಗಿಡ. ಗಿಡಕ್ಕೊಂದು ತೆನೆ, ತೆನೆಗೆ 150 ಗ್ರಾಂ ಕಾಳು ಎಂದಿಟ್ಟುಕೊಂಡರೆ 8.4 ಕಿಲೋಗ್ರಾಂ ಆಗುತ್ತದೆ. ಆರು ಜನರಿಗೆ ಏಳು ದಿನ ಹಂಚಿದರೆ ತಲೆಗೆ ದಿನವೊಂದಕ್ಕೆ 200 ಗ್ರಾಂ. ಹೊಟ್ಟೆಗೆ ಇದು ಪೂರ್ಣ ಆಹಾರವಲ್ಲ, ಸುಮಾರು ಮೂರನೆಯ ಒಂದು ಪಾಲು. ಇನ್ನೊಂದು ಬದಿಯನ್ನೂ ನೋಡಿ: ಈ ಲೆಕ್ಕದಂತೆ ಹೆಕ್ಟೇರಿಗೆ 7 ಟನ್ ಬೆಳೆಯಬೇಕು. ಅಲ್ಲಿನ ಸಣ್ಣ ರೈತನ ಸಾಧಾರಣ ಫಸಲು 1 ಟನ್ನಿನ ಆಸುಪಾಸು. ಹಾಗಾಗಿ ಸೂತ್ರವು ಫಲಿಸಬೇಕಾದರೆ ಗೊಬ್ಬರ, ಕಾಲ, ಮಳೆ ಮೂರೂ ಒದಗಬೇಕು. 2023-24ರಲ್ಲಿ ಮಳೆ ಒದಗಲಿಲ್ಲ. ಎಲ್ ನಿನೊ ತಂದ ಆ ಬರದಲ್ಲಿ ಹೊಲಗಳು ಒಣಗಿ, 2024ರ ಏಪ್ರಿಲಿನಲ್ಲಿ ಸರ್ಕಾರವು ಅದನ್ನು ರಾಷ್ಟ್ರೀಯ ವಿಪತ್ತೆಂದು ಸಾರಬೇಕಾಯಿತು. ಹೊದಿಕೆಯು ಇರುವ ನೀರನ್ನು ಕಾಯಬಲ್ಲುದು. ಇಲ್ಲದ ನೀರನ್ನು ತರಲಾರದು.

ಅಗೆದು ಉಣ್ಣುವುದೋ, ಅಗೆದು ಸಾಯುವುದೋ

ಗುಳಿ ತೋಡುವ ಈ ಬೇಸಾಯಕ್ಕೆ ಹಳ್ಳಿಗರು ‘ಧಿಗ ಉದ್ಯೆ’, ಎಂದರೆ ‘ಅಗೆ, ಉಣ್ಣು’ ಎಂದು ಕರೆದರು. ಬೇಸತ್ತವರು ಅದನ್ನೇ ತಿರುಚಿ ‘ಧಿಗ ಉಫೆ’, ‘ಅಗೆ, ಸಾಯಿ’ ಎಂದರು. ಹಾಸ್ಯದ ಹಿಂದೆ ಸಂಕಟವಿದೆ. ಎಲ್ಲ ಕಡೆಯೂ 15 ಸೆಂಟಿಮೀಟರ್ ಅಳತೆಯ ಗುಳಿಯಿಂದ ಹೊರಬರುವ ಮಣ್ಣು ಮೂರೂಕಾಲು ಲೀಟರಿಗೂ ಹೆಚ್ಚು. ಒಂದೇ ತಾಕಿನ 1,456 ಗುಳಿಗಳಿಂದ ತೆಗೆಯಬೇಕಾದುದು ಆರು ಟನ್ನಿಗೂ ಮಿಕ್ಕ ಮಣ್ಣು. ಉಳದ ಹೊಲದಲ್ಲಿ ಕಳೆಯೂ ಹೆಚ್ಚು. ಅಗೆಯುವ, ಕಳೆ ಕೀಳುವ ಭಾರ ಬಹುಮಟ್ಟಿಗೆ ಬೀಳುವುದು ಹೆಂಗಸರ ಬೆನ್ನಿನ ಮೇಲೆ. ಕೊಯ್ಲಾದ ಮೇಲೆ ಊರ ದನಗಳೆಲ್ಲ ಹೊಲಗಳಲ್ಲಿ ಮೇಯುವುದು ಅಲ್ಲಿನ ಪದ್ಧತಿಯಾದುದರಿಂದ, ಹೊದಿಕೆಗೆಂದು ಉಳಿಸಿದ ದಂಟು ದನಗಳ ಪಾಲಾಗುತ್ತದೆ. ನೆದರ್ಲೆಂಡಿನ ವಾಖೆನಿಂಗೆನ್ ವಿಶ್ವವಿದ್ಯಾನಿಲಯದ ಕೆನ್ ಗಿಲ್ಲರ್ ಮತ್ತು ಸಂಗಡಿಗರು 2009ರಲ್ಲಿ ಈ ಆಕ್ಷೇಪಣೆಗಳನ್ನು ಒಂದು ಲೇಖನದಲ್ಲಿ ಒಟ್ಟುಗೂಡಿಸಿ, ತಮ್ಮದು ‘ಪಾಷಂಡಿಗಳ ಮತ’ವೆಂದು ತಾವೇ ಕರೆದುಕೊಂಡರು. ಈ ಪದ್ಧತಿ ಎಲ್ಲರಿಗೂ ಎಲ್ಲೆಡೆಯೂ ಹೊಂದುವುದೆಂಬ ನಂಬಿಕೆಯನ್ನು ಅವರು ಒಪ್ಪಲಿಲ್ಲ. ಅದು ಯಾರಿಗೆ, ಯಾವ ನೆಲದಲ್ಲಿ ಹೊಂದುವುದೆಂದು ಕೇಳಬೇಕೆಂಬುದು ಅವರ ವಾದ. ಎತ್ತಿಲ್ಲದ ವಿಧವೆಗೆ ಸಕಾಲದಲ್ಲಿ ಬಿತ್ತಲು ನೆರವಾಗುವ ಗುಳಿ, ನಾಲ್ಕು ಎತ್ತುಳ್ಳವನಿಗೆ ವ್ಯರ್ಥ ಶ್ರಮವೆನಿಸಬಹುದು.

ಸ್ವಯಂಸೇವಕನು ಹಿಂದಿರುಗಿದ ಮೇಲೆ

ಸ್ವಯಂಸೇವಕನು ಕಲಿಯಬೇಕಾದುದು ಇಲ್ಲಿದೆ. ಅವನು ತೋಡುವ ಗುಳಿಗಳಿಂದ ದೇಶದ ಹಸಿವು ಹಿಂಗುವುದಿಲ್ಲ. ಹುಟ್ಟಿದಂದಿನಿಂದ ಗುದ್ದಲಿ ಹಿಡಿದ ರೈತ ಹೆಂಗಸು ಅವನಿಗಿಂತ ಬೇಗ ಅಗೆಯಬಲ್ಲಳು; ಅವಳ ಹೊಲದ ಯಾವ ಮೂಲೆಯಲ್ಲಿ ನೀರು ನಿಲ್ಲುವುದೆಂದೂ ಬಲ್ಲಳು. ಬಿತ್ತನೆ ಬೀಜ, ರಸಗೊಬ್ಬರಗಳನ್ನು ಪುಕ್ಕಟೆ ಹಂಚುತ್ತಿರುವವರೆಗೆ ಗುಳಿ ತೋಡಿ, ಹಂಚುವವರು ಹೊರಟುಹೋದ ಮರುವರ್ಷವೇ ಬಿಟ್ಟುಬಿಟ್ಟವರು ಹಲವರು. ಆದುದರಿಂದಲೇ 6 ಮೀಟರ್ ಚೌಕದ ಒಂದು ಪುಟ್ಟ ಮಾದರಿ ತಾಕನ್ನು ರೈತರ ಜೊತೆಯಲ್ಲೇ ಮಾಡಿ, ಫಲವನ್ನು ಅವರೇ ನೋಡಿ ನಿರ್ಧರಿಸಲಿ ಎಂಬ ಕ್ರಮವೂ ಅಲ್ಲಿ ಬೆಳೆದಿದೆ. ಸಾಲಿನ ಎರಡು ತುದಿಗಳಲ್ಲಿ ಹಗ್ಗ ಹಿಡಿದು ನಿಂತವರಿಬ್ಬರೂ ಪರಸ್ಪರ ಶಿಷ್ಯರಾದರೆ ಮಾತ್ರ ಆ ಸೇವೆಗೆ ಬೆಲೆ.

ನಮಗೂ ಈ ಕಥೆ ಪೂರ್ತಿ ಪರಕೀಯವಲ್ಲ. ನಮ್ಮ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನೆಲ. ಜಿಂಬಾಬ್ವೆಯಲ್ಲಿ ಅದನ್ನು ರಪೋಕೊ ಎಂದು ಕರೆದು ಇಂದಿಗೂ ಬೆಳೆಯುತ್ತಾರೆ. ನಮ್ಮ ಹಾವೇರಿಯ ಕಡೆ ‘ಗುಳಿ ರಾಗಿ’ ಎಂಬ ಪದ್ಧತಿಯುಂಟು. ಹೊಲದಲ್ಲಿ ಚೌಕುಳಿಯಾಗಿ ಗೆರೆ ಎಳೆದು, ಗೆರೆಗಳು ಕೂಡುವೆಡೆ ಗುಳಿ ಮಾಡಿ, ಹಿಡಿ ಗೊಬ್ಬರವಿಕ್ಕಿ, ಎರಡೆರಡು ಸಸಿ ನಾಟುವ ಕ್ರಮವದು. ಅಲ್ಲಿ ನೇಗಿಲನ್ನು ಬಿಟ್ಟಿಲ್ಲ, ಗುಳಿಯನ್ನೂ ಬಿಟ್ಟಿಲ್ಲ. ಆಲ್ವರ್ಡನ ನೇಗಿಲು ಒಂದು ಕಾಲಕ್ಕೆ ಸುವಾರ್ತೆಯಾಯಿತು. ಓಲ್ಡ್ರೀವನ ಗುದ್ದಲಿ ಇನ್ನೊಂದು ಕಾಲಕ್ಕೆ. ಎರಡನ್ನೂ ಒರೆಗೆ ಹಚ್ಚಿ ನೋಡಿದವನು ಮಾತ್ರ ತನ್ನ ಹೊಲದಲ್ಲಿ ದಿನವೂ ಬಗ್ಗಿ ದುಡಿಯುವ ರೈತ. ಮುಂದೊಮ್ಮೆ ನಿಮ್ಮಲ್ಲಿ ಯಾರಾದರೂ ದೂರದ ನಾಡಿಗೆ ಸೇವೆಗೆಂದು ಹೊರಟರೆ, ಕಲಿಸಲು ತೊಡಗುವ ಮುನ್ನ ಆ ರೈತನನ್ನು ಒಂದು ಪ್ರಶ್ನೆ ಕೇಳಿ: ‘ಈ ಗುಳಿಗಳನ್ನು ಮುಂದಿನ ವರ್ಷ ಯಾರು ತೋಡುತ್ತಾರೆ?’