ತೀರ್ಪುಗಾರರ ಮುಂದೆ ಎಂಟು ನಿಮಿಷ

ಎಂಟೇ ನಿಮಿಷ. ಅಷ್ಟರಲ್ಲಿ ಊರ ಕೆರೆ ಯಾಕೆ ಹಸಿರುಗಟ್ಟಿತು, ಅದನ್ನು ತಿಳಿಯಲು ಏನೇನು ಮಾಡಿದೆವು, ಏನು ಗೊತ್ತಾಯಿತು ಎಂಬುದನ್ನೆಲ್ಲ ಹೇಳಿ ಮುಗಿಸಬೇಕು. ಪಕ್ಕದಲ್ಲಿ ಕೈಯಾರೆ ಬರೆದ ಚಾರ್ಟುಗಳು, ಮೇಜಿನ ಮೇಲೆ ಲಾಗ್‌ಬುಕ್. ಆಮೇಲೆ ತೀರ್ಪುಗಾರರ ಪ್ರಶ್ನೆಗಳು. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದ ಜಿಲ್ಲಾ ಮಟ್ಟದ ಸ್ಪರ್ಧೆಯಲ್ಲಿ ಹಳ್ಳಿ ಶಾಲೆಯ ಮಕ್ಕಳೂ ಹೀಗೆ ಎದ್ದು ನಿಲ್ಲುತ್ತಾರೆ.

ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಆಶ್ರಯದಲ್ಲಿ ಈ ಸಮಾವೇಶ 1993ರಲ್ಲಿ ದೇಶದಾದ್ಯಂತ ಶುರುವಾಯಿತು. 10ರಿಂದ 17 ವರ್ಷದವರು ಭಾಗವಹಿಸಬಹುದು. ಶಾಲೆ ಬಿಟ್ಟ ಮಕ್ಕಳಿಗೂ ಬಾಗಿಲು ತೆರೆದಿದೆ. ನಮ್ಮಲ್ಲಿ ಇದನ್ನು ಜಿಲ್ಲೆ ಜಿಲ್ಲೆಗೂ ಮುಟ್ಟಿಸಿದ್ದು 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು.

ವಸ್ತುಪ್ರದರ್ಶನದ ಥರ್ಮಾಕೋಲ್ ಜ್ವಾಲಾಮುಖಿಗೆ ಇಲ್ಲಿ ಬೆಲೆಯಿಲ್ಲ. ಪ್ರಶ್ನೆ ಮಕ್ಕಳದ್ದೇ ಆಗಬೇಕು, ಅದಕ್ಕೆ ಉತ್ತರವನ್ನು ಊರಲ್ಲೇ ಹುಡುಕಬೇಕು. 2014-15ರ ಮುಖ್ಯ ವಿಷಯ ಹವಾಮಾನ ಮತ್ತು ವಾಯುಗುಣವಾಗಿತ್ತು. ಇಂಥ ವಿಷಯಕ್ಕೆ ದುಬಾರಿ ಪ್ರಯೋಗಾಲಯ ಬೇಕಿಲ್ಲ. ಬುಡದಿಂದ ಬಾಯಿವರೆಗೆ ಒಂದೇ ಅಗಲದ ಡಬ್ಬಿ ಮತ್ತು ಅಳತೆಪಟ್ಟಿ ಇದ್ದರೆ ಮಳೆ ಅಳೆಯಬಹುದು. ಒಂದು ಮಿಲಿಮೀಟರ್ ಮಳೆ ಬಿತ್ತೆಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು ಬಿದ್ದಂತೆ. ರೋಹಿಣಿ, ಮೃಗಶಿರ ಮಳೆಗಳ ಬಗ್ಗೆ ಅಜ್ಜ ಹೇಳುವ ಲೆಕ್ಕವನ್ನು ಈ ಅಳತೆಯ ಪಕ್ಕದಲ್ಲಿಟ್ಟು ನೋಡುವ ಮಗು ಆಗಲೇ ಸಂಶೋಧನೆಗೆ ಇಳಿದಿರುತ್ತದೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಲಾಗ್‌ಬುಕ್. ಯಾವ ದಿನ ಏನು ಮಾಡಿದೆವು, ಯಾರನ್ನು ಕೇಳಿದೆವು, ಎಲ್ಲಿ ಅಳತೆ ತಪ್ಪಿತು ಎಂಬುದೆಲ್ಲ ಅದರಲ್ಲಿರಬೇಕು. ಮೇಷ್ಟ್ರು ಬರೆದುಕೊಟ್ಟ ಪ್ರಾಜೆಕ್ಟ್ ಸಿಕ್ಕಿಬೀಳುವುದು ಇಲ್ಲೇ. ಮಕ್ಕಳು ತಮ್ಮ ಭಾಷೆಯಲ್ಲೇ ಮಾತಾಡಬಹುದು ಎಂಬುದು ಇನ್ನೊಂದು ದೊಡ್ಡ ಸಂಗತಿ. ತಾನು ಮಾಡಿದ್ದನ್ನು ಕನ್ನಡದಲ್ಲಿ ಹೇಳುವ ಹುಡುಗಿ ಅಡ್ಡ ಪ್ರಶ್ನೆಗೆ ಹೆದರುವುದಿಲ್ಲ.

ಅದೇ ಹುಡುಗಿ ಕಾಲೇಜಿಗೆ ಬಂದಾಗ ಏನಾಗುತ್ತದೆ? ಅಲ್ಲಿನ ವಿಚಾರ ಸಂಕಿರಣ ಬಹಳ ಕಡೆ ಉದ್ಘಾಟನೆ, ಹಾರ, ಕಿಟ್, ಊಟದಲ್ಲೇ ಅರ್ಧ ದಿನ ಕಳೆಯುತ್ತದೆ. ವಿದ್ಯಾರ್ಥಿಗಳ ಸರದಿ ಬರುವ ಹೊತ್ತಿಗೆ ಸಭಾಂಗಣ ಖಾಲಿ. ಐದು ನಿಮಿಷ ಇಂಗ್ಲಿಷ್‌ನಲ್ಲಿ ಓದಿ, ಸರ್ಟಿಫಿಕೇಟ್ ಪಡೆದರೆ ಮುಗಿಯಿತು. ಪ್ರಶ್ನೆ ಕೇಳುವವರೇ ಇಲ್ಲ. ಯುಜಿಸಿಯ 2016ರ ನಿಯಮ ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲು ಸಮ್ಮೇಳನಗಳಲ್ಲಿ ಎರಡು ಪೇಪರ್ ಮಂಡಿಸಲೇಬೇಕು ಎಂದಿತು. ಉದ್ದೇಶ ಒಳ್ಳೆಯದೇ, ಆದರೆ ಅದರಿಂದ ಬೆಳೆದದ್ದು ಸರ್ಟಿಫಿಕೇಟಿನ ವ್ಯಾಪಾರ. 2022ರ ನಿಯಮದಲ್ಲಿ ಆ ಕಡ್ಡಾಯ ಹೋಯಿತು. ಹೋದದ್ದೇ ಸರಿ.

ಆದರೆ ಕಡ್ಡಾಯದ ಜೊತೆಗೆ ವೇದಿಕೆಯೂ ಹೋಗಬಾರದು. ತನ್ನ ಕೆಲಸ ಪರಿಚಯವಿಲ್ಲದವರ ಮುಂದೆ ನಿಲ್ಲುತ್ತದೆಯೇ ಎಂದು ನೋಡಲು ವಿದ್ಯಾರ್ಥಿಗೆ ಬೇರೆ ದಾರಿಯಿಲ್ಲ. ಕಾಲೇಜುಗಳ ಪ್ರಾಂಶುಪಾಲರಲ್ಲಿ ನನ್ನ ಕೋರಿಕೆ ಇಷ್ಟೆ: ಮುಂದಿನ ಸಂಕಿರಣದಲ್ಲಿ ವಿದ್ಯಾರ್ಥಿಗಳ ಮಂಡನೆಯನ್ನು ಬೆಳಗಿನ ಹೊತ್ತಿಗೇ ಇಡಿ. ಕನ್ನಡದಲ್ಲಿ ಮಾತಾಡಲು ಬಿಡಿ. ಮಾತಾಡಿದಷ್ಟೇ ಹೊತ್ತು ಪ್ರಶ್ನೆಗೂ ಕೊಡಿ. ಮತ್ತು ಅಧ್ಯಾಪಕರೆಲ್ಲ ಕೊನೆಯವರೆಗೂ ಕೂತು ಕೇಳಲಿ.